‘ಅಕ್ಕ, ಮೆಣಸಿನ ಬಳ್ಳಿ ಹಳದಿ ಆಗ್ತಿದೆ, ಯಾವ ಔಷಧಿ ಹೊಡೀಲಿ?’

ತುಲಾ ಸಂಕ್ರಮಣ ಕಳೆದು, ಮಳೆ ಬಿಟ್ಟು, ಬಿಸಿಲು ಸ್ವಲ್ಪ ಚುರುಕಾದರೆ ಸಾಕು, ನನ್ನ ಫೋನಿಗೆ ಈ ಪ್ರಶ್ನೆ ಬರಲು ಶುರುವಾಗುತ್ತದೆ. ಕೊಡಗಿನ ಅಮ್ಮತ್ತಿಯಿಂದ, ನಾಪೋಕ್ಲಿನಿಂದ, ಸೋಮವಾರಪೇಟೆ ಕಡೆಯಿಂದ. ಜೊತೆಗೆ ಒಂದು ಫೋಟೋ. ಸಿಲ್ವರ್ ಓಕ್ ಮರ, ಅದಕ್ಕೆ ಹಬ್ಬಿದ ಬಳ್ಳಿ, ಎಲೆಗಳೆಲ್ಲ ಹಳದಿ, ಅಲ್ಲಲ್ಲಿ ಗೆಣ್ಣು ಉದುರಿ ಬೋಳಾದ ಕೊಂಬೆ. ನಾನು ಸುಂಟಿಕೊಪ್ಪದ ಹತ್ತಿರ ಸಣ್ಣ ಕಾಫಿ ತೋಟ ನೋಡಿಕೊಂಡು ಒಂದಿಷ್ಟು ಕಾಳುಮೆಣಸಿನ ಸಸಿಯನ್ನೂ ಮಾಡುವವಳು. ಹಾಗಾಗಿ ಕೇಳುತ್ತಾರೆ.

ನನ್ನ ಉತ್ತರ ಯಾವಾಗಲೂ ಒಂದು ಮರುಪ್ರಶ್ನೆ. ಬೇರು ತೆಗೆದು ನೋಡಿದ್ರಾ?

ಹತ್ತರಲ್ಲಿ ಒಂಬತ್ತು ಜನ ನೋಡಿರುವುದಿಲ್ಲ. ಎಲೆ ಕಣ್ಣಿಗೆ ಬೀಳುತ್ತದೆ, ಬೇರು ಬೀಳುವುದಿಲ್ಲ, ಅಲ್ವಾ? ಆದರೆ ಎಲೆ ಹಳದಿಯಾಗಲು ಕಾರಣ ಒಂದೇ ಅಲ್ಲ. ಸಾರಜನಕ ಕಡಿಮೆಯಾದರೂ ಹಳದಿ. ಬುಡದಲ್ಲಿ ನೀರು ನಿಂತರೂ ಹಳದಿ. ಮರಕಪಾತ್, ಅಂದರೆ ನೆರಳಿನ ಮರದ ಕೊಂಬೆ ಕಡಿಯುವುದು, ಜಾಸ್ತಿ ಮಾಡಿ ಬಿಸಿಲು ನೇರ ಬಿದ್ದರೂ ಹಳದಿ. ಬೇರಿಗೆ ಹಿಟ್ಟು ತಿಗಣೆ ಹತ್ತಿದರೂ ಹಳದಿ. ಇವುಗಳ ಜೊತೆಗೆ ನಾವು ಕೊಡಗಿನಲ್ಲಿ ತುಂಬ ತಡವಾಗಿ ಗುರುತಿಸುವ ಇನ್ನೊಂದಿದೆ, ಜಂತುಹುಳು. ನೆಮಟೋಡ್ ಅಂತಾರಲ್ಲ, ಮಣ್ಣಿನಲ್ಲಿದ್ದು ಬೇರು ತಿನ್ನುವ ಕಣ್ಣಿಗೆ ಕಾಣದ ಹುಳು, ಅದೇ.

ಮೊದಲು ಸಮಯ ನೋಡಿ. ಜೂನ್‌ನಿಂದ ಆಗಸ್ಟ್‌ವರೆಗಿನ ಜಡಿಮಳೆಯಲ್ಲಿ ಎರಡು ಮೂರು ವಾರದೊಳಗೆ ಬಳ್ಳಿ ಪೂರ್ತಿ ಸತ್ತರೆ, ಬುಡ ಕಪ್ಪಾಗಿ ಕೊಳೆತಿದ್ದರೆ, ಅದು ಶೀಘ್ರ ಸೊರಗು ರೋಗ. ಫೈಟಾಫ್ತೊರಾ ಅನ್ನುವ, ಶಿಲೀಂಧ್ರದಂಥ ಸೂಕ್ಷ್ಮಜೀವಿಯ ಕೆಲಸ. ಜಂತುಹುಳುವಿನದು ಬೇರೆ ದಾರಿ. ಮಳೆಗಾಲ ಮುಗಿದ ಮೇಲೆ, ಮಣ್ಣು ಒಣಗುತ್ತಾ ಬಂದಾಗ, ಅಲ್ಲೊಂದು ಇಲ್ಲೊಂದು ಗುಂಪಾಗಿ ಬಳ್ಳಿಗಳು ಬಣ್ಣ ಕಳೆದುಕೊಳ್ಳುತ್ತವೆ. ಎಲೆ ಉದುರುತ್ತದೆ, ತುದಿ ಒಣಗುತ್ತದೆ. ಮೇ, ಜೂನ್‌ನಲ್ಲಿ ಮಳೆ ಬಂದಾಗ ಮತ್ತೆ ಚಿಗುರುತ್ತದೆ. ನಾವು ಮೋಸ ಹೋಗುವುದು ಇಲ್ಲೇ. ಜನವರಿಯಲ್ಲಿ ಏನೋ ಒಂದು ಹೊಡೆದಿರುತ್ತೇವೆ, ಮಳೆ ಬಂದು ಹಸಿರಾದ ಮೇಲೆ ‘ಆ ಔಷಧಿ ಕೆಲಸ ಮಾಡ್ತು’ ಅಂದುಕೊಳ್ಳುತ್ತೇವೆ. ಚಿಗುರಿಸಿದ್ದು ಮಳೆ. ಮುಂದಿನ ಅಕ್ಟೋಬರ್‌ನಲ್ಲಿ ಮತ್ತೆ ಹಳದಿ, ಈ ಸಲ ಇನ್ನೂ ಜಾಸ್ತಿ. ಹೀಗೆ ವರ್ಷದಿಂದ ವರ್ಷಕ್ಕೆ ಇಳುವರಿ ಇಳಿಯುತ್ತಾ ಬಂದು ಬಳ್ಳಿ ಹೋಗುತ್ತದೆ. ನಿಧಾನ ಸೊರಗು ರೋಗ ಅನ್ನುವುದು ಇದನ್ನೇ.

‘ನಮ್ಮಪ್ಪನ ಕಾಲದಲ್ಲಿ ಇದೆಲ್ಲ ಇರಲಿಲ್ಲ’ ಅನ್ನುವವರಿದ್ದಾರೆ. ಇತ್ತು. ಪಕ್ಕದ ವಯನಾಡಿನಲ್ಲಿ ಮೆಣಸಿನ ಬಳ್ಳಿಗಳು ಸಾಯುತ್ತಿದ್ದುದನ್ನು 1906ರಲ್ಲೇ ಬಟ್ಲರ್ ಅನ್ನುವ ವಿಜ್ಞಾನಿ ಬರೆದಿಟ್ಟಿದ್ದಾರೆ. ಇಂಡೋನೇಷ್ಯಾದ ಬಾಂಕಾ ದ್ವೀಪದಲ್ಲಿ ಬೇರು ಕೊರೆಯುವ ಜಂತುಹುಳು ಇಪ್ಪತ್ತು ವರ್ಷದಲ್ಲಿ ಸುಮಾರು ಎರಡು ಕೋಟಿ ಬಳ್ಳಿಗಳನ್ನು ತೆಗೆದುಬಿಟ್ಟಿತು. ಹೆದರಿಸಲು ಹೇಳುತ್ತಿಲ್ಲ. ಕಣ್ಣಿಗೆ ಕಾಣದ ಹುಳು ತಾನೇ, ಏನು ಮಾಡೀತು ಅನ್ನುವ ಮಾತು ಕೇಳಿದಾಗ ನನಗೆ ಬಾಂಕಾ ನೆನಪಾಗುತ್ತದೆ.

ನಮ್ಮ ಮೆಣಸಿಗೆ ಮುಖ್ಯವಾಗಿ ತೊಂದರೆ ಕೊಡುವುದು ಎರಡು ಜಾತಿ. ಒಂದು ಬೇರುಗಂಟು ಹುಳು, ಮೆಲಾಯ್ಡೊಗೈನ್. ಇದರ ಮರಿ ಬೇರಿನ ತುದಿಯಲ್ಲಿ ಒಳಗೆ ಹೋಗಿ ಒಂದು ಕಡೆ ಕೂತುಬಿಡುತ್ತದೆ. ಅದು ಕೂತ ಜಾಗದಲ್ಲಿ ಬೇರು ಊದಿ ಗಂಟಾಗುತ್ತದೆ. ಒಂದೊಂದು ಹೆಣ್ಣು ನೂರಾರು ಮೊಟ್ಟೆ ಇಡುತ್ತದೆ, ಬೆಚ್ಚಗಿನ ಮಣ್ಣಿನಲ್ಲಿ ಒಂದು ತಿಂಗಳಿಗೆಲ್ಲ ಒಂದು ತಲೆಮಾರು ಮುಗಿಯುತ್ತದೆ. ಇನ್ನೊಂದು ಬೇರು ಕೊರೆಯುವ ಹುಳು, ರೇಡೋಫೋಲಸ್. ಇದು ಕೂರುವುದಿಲ್ಲ, ಬೇರಿನೊಳಗೆ ತಿನ್ನುತ್ತಾ ಓಡಾಡುತ್ತದೆ. ಗಂಟು ಬರುವುದಿಲ್ಲ, ಬೇರು ಕಂದಾಗಿ ಕೊಳೆಯುತ್ತದೆ. ಉದ್ದ ಒಂದು ಮಿಲಿಮೀಟರ್ ಕೂಡ ಇಲ್ಲ, ಮೈ ಗಾಜಿನ ಹಾಗೆ.

ಎಲೆಯಲ್ಲೂ ಒಂದು ಸುಳಿವು ಸಿಗುತ್ತದೆ. ಬೇರುಗಂಟು ಹುಳು ಇದ್ದರೆ ನರಗಳು ಹಸಿರಾಗಿಯೇ ಉಳಿದು ಮಧ್ಯದ ಜಾಗ ಹಳದಿಯಾಗುತ್ತದೆ. ಕೊರೆಯುವ ಹುಳುವಾದರೆ ಇಡೀ ಎಲೆ ಒಂದೇ ಸಮ ಬಿಳಿಚಿಕೊಂಡು ಜೋತು ಬೀಳುತ್ತದೆ. ಆದರೆ ತೋಟದಲ್ಲಿ ಎರಡೂ ಒಟ್ಟಿಗೇ ಇರುವುದು ಸಾಮಾನ್ಯ, ಅದಕ್ಕೇ ನಾನು ಎಲೆಯನ್ನು ನಂಬಿ ಏನನ್ನೂ ಹೇಳುವುದಿಲ್ಲ.

ಈಗ ಗುದ್ದಲಿ ತಗೊಳ್ಳಿ. ಪೂರ್ತಿ ಸತ್ತ ಬಳ್ಳಿಯ ಹತ್ತಿರ ಹೋಗಬೇಡಿ. ಸತ್ತ ಬೇರಿನಲ್ಲಿ ತಿನ್ನಲು ಏನೂ ಉಳಿದಿರುವುದಿಲ್ಲ, ಹುಳು ಪಕ್ಕದ ಬಳ್ಳಿಗೆ ಹೋಗಿರುತ್ತದೆ. ಗುಂಪಿನ ಅಂಚಿನಲ್ಲಿರುವ, ಈಗಷ್ಟೇ ಹಳದಿಗೆ ತಿರುಗಿದ ಬಳ್ಳಿ ಆರಿಸಿ. ಬುಡದಿಂದ ಒಂದು ಅಡಿ ದೂರದಲ್ಲಿ ತರಗೆಲೆ ಸರಿಸಿ ಮೆಲ್ಲಗೆ ಅಗೆಯಿರಿ. ಎಳೆಯಬೇಡಿ, ಎಳೆದರೆ ನಮಗೆ ಬೇಕಾದ ಸಣ್ಣ ಬೇರೇ ಮಣ್ಣಿನಲ್ಲಿ ಉಳಿದುಬಿಡುತ್ತದೆ. ಮಣ್ಣು ಸಮೇತ ಎತ್ತಿ ಬಕೆಟ್ ನೀರಿನಲ್ಲಿ ಅದ್ದಿ, ಅಲ್ಲಾಡಿಸದೆ ಹತ್ತು ನಿಮಿಷ ಬಿಡಿ. ಮಣ್ಣು ತಾನಾಗಿ ಕಳಚಿಕೊಳ್ಳುತ್ತದೆ. ಆಮೇಲೆ ಬೇರನ್ನು ಬಿಳಿ ಬಟ್ಟೆಯ ಮೇಲೆ ಹರಡಿ.

ಒಳ್ಳೆಯ ಬಳ್ಳಿಯ ಸಣ್ಣ ಬೇರು ಕೆನೆ ಬಣ್ಣಕ್ಕಿರುತ್ತದೆ, ಶ್ಯಾವಿಗೆಯ ಹಾಗೆ ದಟ್ಟ. ಬೇರುಗಂಟು ಇದ್ದರೆ ಅದೇ ಶ್ಯಾವಿಗೆಯಲ್ಲಿ ಸಾಸಿವೆ ಕಾಳಿನ ಗಾತ್ರದಿಂದ ಹಿಡಿದು ಉಬ್ಬುಗಳು. ಉಗುರಿನಿಂದ ಕೀಳಲು ಹೋದರೆ ಬರುವುದಿಲ್ಲ, ಅದು ಬೇರೇ ಊದಿದ್ದು. ಬಳ್ಳಿ ಹಬ್ಬಿಸುವ ಹಾಲುವಾಣ ಮರದ ಬೇರಿನಲ್ಲೂ ಗಂಟು ಇರುತ್ತದೆ, ಅದನ್ನು ನೋಡಿ ಗಾಬರಿಯಾದವರು ಎಷ್ಟೋ ಜನ. ಉಜ್ಜಿದರೆ ಸುಲಭವಾಗಿ ಉದುರಿ, ಒಡೆದಾಗ ಒಳಗೆ ಕೆಂಪಗಿದ್ದರೆ ಅದು ಸಾರಜನಕ ಹಿಡಿಯುವ ಒಳ್ಳೆಯ ಗಂಟು. ಆದರೆ ಹಾಲುವಾಣಕ್ಕೂ ಬೇರುಗಂಟು ಹುಳು ಹತ್ತುತ್ತದೆ, ಹಾಗಾಗಿ ಎರಡನ್ನೂ ನೋಡಿ. ಬಿಳಿ ಬೇರಿನ ಮೇಲೆ ಕಂದು, ನೇರಳೆ ಮಿಶ್ರಿತ ಮಚ್ಚೆಗಳಿದ್ದರೆ ಕೊರೆಯುವ ಹುಳುವಿನ ಅನುಮಾನ. ಹತ್ತಿಯಂಥ ಬಿಳಿ ಪುಡಿ ಇದ್ದರೆ ಹಿಟ್ಟು ತಿಗಣೆ. ಸಣ್ಣ ಬೇರೇ ಇಲ್ಲ, ದಪ್ಪ ಬೇರು ಮಾತ್ರ ದಾರದ ಹಾಗೆ ಉಳಿದಿದೆ ಅಂದರೆ ತುಂಬ ತಡವಾಗಿದೆ.

ಅನುಮಾನ ಉಳಿದರೆ ಪರೀಕ್ಷೆ ಮಾಡಿಸಿ. ನಾಲ್ಕೈದು ಬಳ್ಳಿಯ ಬುಡದಿಂದ, ಅರ್ಧ ಅಡಿಯಿಂದ ಒಂದು ಅಡಿ ಆಳದ ಮಣ್ಣು ಸೇರಿಸಿ ಕಾಲು ಕಿಲೋ, ಜೊತೆಗೆ ಒಂದು ಹಿಡಿ ಸಣ್ಣ ಬೇರು. ಪ್ಲಾಸ್ಟಿಕ್ ಕವರಿನಲ್ಲಿ ಕಟ್ಟಿ, ಒಣಗದ ಹಾಗೆ, ಬಿಸಿಯಾಗದ ಹಾಗೆ ಒಯ್ಯಿರಿ. ಜೀಪಿನ ಡ್ಯಾಶ್‌ಬೋರ್ಡ್ ಮೇಲೆ ಅರ್ಧ ದಿನ ಇಟ್ಟರೆ ಹುಳು ಸತ್ತುಹೋಗಿ ‘ಏನೂ ಇಲ್ಲ’ ಅಂತ ವರದಿ ಬರಬಹುದು. ಮೆಣಸಿಗೆ ಅಪ್ಪಂಗಳದ ಸಾಂಬಾರ ಬೆಳೆ ಸಂಶೋಧನಾ ಕೇಂದ್ರ, ಕಾಫಿಗೆ ಚೆಟ್ಟಳ್ಳಿಯ ಕಾಫಿ ಸಂಶೋಧನಾ ಉಪಕೇಂದ್ರ, ಗೋಣಿಕೊಪ್ಪದಲ್ಲಿ ಕೃಷಿ ವಿಜ್ಞಾನ ಕೇಂದ್ರ ಇವೆ. ಮೊದಲು ಫೋನ್ ಮಾಡಿ, ಯಾವಾಗ, ಹೇಗೆ ತರಬೇಕು ಅಂತ ಕೇಳಿಕೊಂಡು ಹೋಗಿ.

ಮನೆಯಲ್ಲೇ ಮಾಡುವ ಒಂದು ಪರೀಕ್ಷೆ ನನಗೆ ತುಂಬ ಇಷ್ಟ. ಅನುಮಾನದ ಮಣ್ಣನ್ನು ಒಂದು ಕುಂಡದಲ್ಲಿ ತುಂಬಿ ಟೊಮೆಟೊ ಸಸಿ ನೆಡಿ. ಐದಾರು ವಾರ ಬಿಟ್ಟು ಕಿತ್ತು ತೊಳೆಯಿರಿ. ಟೊಮೆಟೊಗೆ ಬೇರುಗಂಟು ಹುಳು ಬೇಗ ಹತ್ತುತ್ತದೆ. ಮಣ್ಣಿನಲ್ಲಿ ಅದು ಇದ್ದರೆ ಬೇರಿನಲ್ಲಿ ಗಂಟು ಕಾಣುತ್ತದೆ. ಕೊರೆಯುವ ಹುಳುವನ್ನು ಇದು ತೋರಿಸುವುದಿಲ್ಲ, ನೆನಪಿರಲಿ.

ಈ ಪರೀಕ್ಷೆಯನ್ನು ನಾನು ಕಲಿತದ್ದು ನಷ್ಟವಾದ ಮೇಲೆ. ಹಲವು ವರ್ಷದ ಹಿಂದೆ ಒಂದು ನರ್ಸರಿಯಿಂದ ಮುನ್ನೂರು ಸಸಿ ತಂದಿದ್ದೆ. ಎಲೆ ನೋಡಬೇಕಿತ್ತು, ಅಷ್ಟು ಹಸಿರು. ಖುಷಿಯಿಂದ ನೆಟ್ಟೆ. ಮೂರನೇ ವರ್ಷ ಒಂದು ಸಾಲು ಹಳದಿಯಾಯಿತು, ಮರುವರ್ಷ ಮೂರು ಸಾಲು. ಕೈಗೆ ಸಿಕ್ಕಿದ್ದನ್ನೆಲ್ಲ ಹೊಡೆದೆ. ಕೊನೆಗೆ ನೆಡದೆ ಉಳಿದಿದ್ದ ಏಳೆಂಟು ಪಾಕೆಟ್ ಶೆಡ್ಡಿನ ಹಿಂದೆ ಕಂಡವು. ಒಂದನ್ನು ಹರಿದು ತೊಳೆದೆ. ಬೇರಿನ ತುಂಬ ಗಂಟು, ಜಪಮಣಿ ಪೋಣಿಸಿದ ಹಾಗೆ. ಆ ಹುಳುವನ್ನು ನನ್ನ ತೋಟಕ್ಕೆ ನಾನೇ ದುಡ್ಡು ಕೊಟ್ಟು, ಜೀಪಿನಲ್ಲಿ ತುಂಬಿಕೊಂಡು ತಂದಿದ್ದೆ. ಹುಳು ತಾನಾಗಿ ವರ್ಷಕ್ಕೆ ಹೆಚ್ಚೆಂದರೆ ಒಂದು ಮೀಟರ್ ಸರಿಯಬಹುದು ಅಷ್ಟೇ. ದೂರಕ್ಕೆ ಒಯ್ಯುವುದು ನಾವು. ಸಸಿ ಪಾಕೆಟ್, ಗುದ್ದಲಿಗೆ ಅಂಟಿದ ಮಣ್ಣು, ಇಳಿಜಾರಿನಲ್ಲಿ ಹರಿಯುವ ಮಳೆನೀರು.

ಅದಕ್ಕೇ ಸಸಿ ಕೊಳ್ಳುವಾಗ ಒಂದು ಪಾಕೆಟ್ ಹರಿದು ಬೇರು ತೋರಿಸಿ ಅಂತ ಕೇಳಿ. ಸಂಕೋಚ ಬೇಡ. ತೋರಿಸಲು ಒಪ್ಪದವರ ಹತ್ತಿರ ಕೊಳ್ಳಬೇಡಿ. ನೀವೇ ಸಸಿ ಮಾಡುವುದಾದರೆ ಶುಂಠಿ ಬೆಳೆದ ಗದ್ದೆಯ ಮಣ್ಣು, ಬಾಳೆ ಬುಡದ ಮಣ್ಣು ತರಬೇಡಿ, ಈ ಹುಳುಗಳಿಗೆ ಶುಂಠಿಯೂ ಬಾಳೆಯೂ ಬೇಕು. ಪಾಕೆಟ್‌ಗೆ ತುಂಬುವ ಮಣ್ಣನ್ನು ಬೇಸಿಗೆಯಲ್ಲಿ ತೆಳ್ಳಗೆ ಹರಡಿ, ನೀರು ಚಿಮುಕಿಸಿ, ಪಾರದರ್ಶಕ ಪ್ಲಾಸ್ಟಿಕ್ ಹೊದಿಸಿ, ಅಂಚಿಗೆ ಮಣ್ಣು ಮುಚ್ಚಿ 45 ದಿನ ಬಿಸಿಲಿಗೆ ಬಿಡಿ. ಕಪ್ಪು ಹಾಳೆ ಬೇಡ, ಒಳಗೆ ಅಷ್ಟು ಕಾವು ಏರುವುದಿಲ್ಲ. ಆಮೇಲೆ ಟ್ರೈಕೋಡರ್ಮಾ, ಪೊಕೋನಿಯಾ ಬೆರೆಸಿ. ಎರಡೂ ನಮಗೆ ನೆರವಾಗುವ ಶಿಲೀಂಧ್ರಗಳು. ಟ್ರೈಕೋಡರ್ಮಾ ಬೇರಿಗೆ ರೋಗ ತರುವ ಶಿಲೀಂಧ್ರಗಳನ್ನು ತಡೆಯುತ್ತದೆ, ಪೊಕೋನಿಯಾ ಜಂತುಹುಳುವಿನ ಮೊಟ್ಟೆಯನ್ನೇ ತಿನ್ನುತ್ತದೆ.

ತೋಟದಲ್ಲಿ ಆಗಲೇ ಬಂದಿದ್ದರೆ? ಪೂರ್ತಿ ಹೋಗಿಬಿಡುವುದಿಲ್ಲ, ಇದನ್ನು ಮೊದಲೇ ಒಪ್ಪಿಕೊಳ್ಳಬೇಕು. ಹುಳುವಿನ ಸಂಖ್ಯೆ ಇಳಿಸಿ ಬೇರಿಗೆ ಬೆಳೆಯಲು ಅವಕಾಶ ಕೊಡುವುದು ನಮ್ಮ ಕೆಲಸ. ಸಣ್ಣ ಬೇರೇ ಇಲ್ಲದ ಬಳ್ಳಿಯನ್ನು ಬೇರು ಸಮೇತ ತೆಗೆದು ಸುಡಿ, ಆ ಗುಂಡಿಗೆ ಕೂಡಲೇ ಹೊಸ ಸಸಿ ಇಡಬೇಡಿ. ಉಳಿದವಕ್ಕೆ ಮಳೆ ಶುರುವಾಗುವಾಗ ದೊಡ್ಡ ಬಳ್ಳಿಗೆ ಒಂದು ಕಿಲೋ ಬೇವಿನ ಹಿಂಡಿ, ಜೊತೆಗೆ ಕೊಟ್ಟಿಗೆ ಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ, ಪೊಕೋನಿಯಾ. ಮಳೆ ಮುಗಿಯುವಾಗ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಇವೆರಡನ್ನು ಇನ್ನೊಮ್ಮೆ ಕೊಡಿ. ಬೋರ್ಡೋ ದ್ರಾವಣ ಅಥವಾ ಬೇರೆ ತಾಮ್ರದ ಔಷಧಿಯನ್ನು ಬುಡಕ್ಕೆ ಸುರಿದು ಅದೇ ವಾರ ಟ್ರೈಕೋಡರ್ಮಾ ಹಾಕಿದರೆ ಟ್ರೈಕೋಡರ್ಮಾ ದಂಡ. ನಡುವೆ ಎರಡು ಮೂರು ವಾರ ಇರಲಿ. ನಮ್ಮ ಮಣ್ಣು ಹುಳಿ, ಮಣ್ಣು ಪರೀಕ್ಷೆ ಮಾಡಿಸಿ ಸುಣ್ಣ ಕೊಡಿ. ನೀರು ನಿಲ್ಲದಂತೆ ಚರಂಡಿ ಮಾಡಿ. ಕಾಯಿಲೆ ಬಿದ್ದ ಜಾಗದ ಕೆಲಸ ಕೊನೆಗೆ ಇಟ್ಟುಕೊಳ್ಳಿ, ಮುಗಿದ ಮೇಲೆ ಗುದ್ದಲಿ ತೊಳೆಯಿರಿ.

‘ಮೊದಲು ಫೋರೇಟ್ ಹಾಕ್ತಿದ್ವಲ್ಲ ಅಕ್ಕ, ಅದು ಸಿಗುತ್ತಾ?’ ಅಂತ ಈಗಲೂ ಕೇಳುತ್ತಾರೆ. 2018ರ ಆದೇಶದ ಪ್ರಕಾರ 2020ರ ಡಿಸೆಂಬರ್ 31ರಿಂದ ಆ ಹರಳು ಕೀಟನಾಶಕ ದೇಶದಲ್ಲಿ ನಿಷೇಧ. ನನಗೆ ಅದರಲ್ಲಿ ಬೇಸರವಿಲ್ಲ. ನಮ್ಮ ತೋಟದ ನೀರು ಇಳಿಯುವುದು ತೋಡಿಗೆ, ತೋಡು ಸೇರುವುದು ಕಾವೇರಿಗೆ. ಬರಿಗೈಯಲ್ಲಿ ಆ ಹರಳು ಎರಚಿದವರೂ ನಮ್ಮ ತೋಟದ ಕಾರ್ಮಿಕರೇ. ಈಗ ಅನುಮತಿ ಇರುವ ರಾಸಾಯನಿಕ ಬೇಕೇ ಬೇಕೆಂದರೆ ಬೇರಿನ ವರದಿ ಹಿಡಿದುಕೊಂಡು ಸಂಶೋಧನಾ ಕೇಂದ್ರದಲ್ಲಿ ಕೇಳಿ, ಅಂಗಡಿಯಲ್ಲಿ ಕೇಳಬೇಡಿ.

ತಳಿಯ ಬಗ್ಗೆಯೂ ಕೇಳುತ್ತಾರೆ. ‘ಪೌರ್ಣಮಿ’ ಬೇರುಗಂಟು ಹುಳುವನ್ನು ಸ್ವಲ್ಪ ತಡೆದುಕೊಳ್ಳುತ್ತದೆ. ಪೈಪರ್ ಕೊಲುಬ್ರಿನಮ್ ಅನ್ನುವ ಕಾಡು ಜಾತಿಯ ಮೇಲೆ ಕಸಿ ಕಟ್ಟಿದ ಸಸಿಗೆ ಹುಳುವಿನ ಕಾಟ ಕಡಿಮೆ, ಆದರೆ ಅದಕ್ಕೆ ತೇವ ಬೇಕು, ಒಣ ಗುಡ್ಡಕ್ಕೆ ಆಗುವುದಿಲ್ಲ. ಅರೇಬಿಕಾ ಕಾಫಿಗೆ ಬರುವ ಹುಳು ಬೇರೆ, ಪ್ರಾಟಿಲೆಂಕಸ್. ಗಿಡ ಹಿಡಿದು ಅಲ್ಲಾಡಿಸಿದರೆ ಸಡಿಲವಾಗಿ ಆಡುತ್ತದೆ. ಅಂಥ ಜಾಗಕ್ಕೆ ರೊಬಸ್ಟಾ ಬೇರಿನ ಮೇಲೆ ಕಸಿ ಕಟ್ಟಿದ ಅರೇಬಿಕಾ ಇಡುತ್ತಾರೆ.

ನನ್ನ ಆ ಮುನ್ನೂರರಲ್ಲಿ ನೂರಾ ಹತ್ತು ಬಳ್ಳಿ ಈಗಲೂ ಇವೆ. ಪ್ರತಿ ಅಕ್ಟೋಬರ್‌ನಲ್ಲಿ ಅವುಗಳಲ್ಲಿ ನಾಲ್ಕರ ಬುಡ ಅಗೆದು ನೋಡುತ್ತೇನೆ. ಹೋದ ವರ್ಷ ಮೂರರಲ್ಲಿ ಬಿಳಿ ಬೇರು ಚೆನ್ನಾಗಿ ಬಂದಿತ್ತು, ಒಂದರಲ್ಲಿ ಇನ್ನೂ ಗಂಟಿತ್ತು. ನೀವೂ ಅಗೆದು, ತೊಳೆದು, ಬಿಳಿ ಬಟ್ಟೆಯ ಮೇಲಿಟ್ಟು ಫೋಟೋ ಕಳಿಸಿ. ಎಲೆಯದ್ದು ಬೇಡ, ಬೇರಿನದ್ದು.