ಸೊಗಡಿನ ಅವರೆ ಬರೋವರೆಗೂ ಕಾಯೋಣ

ಈಗ ಬೆಂಗಳೂರಿನ ಮಾರ್ಕೆಟ್‌ಗಳಲ್ಲಿ ಮಳೆಗಾಲದಲ್ಲೂ ಅವರೆಕಾಯಿ ಕಾಣುತ್ತದೆ. ನಾನು ಕೊಳ್ಳುವುದಿಲ್ಲ. ಡಿಸೆಂಬರ್ ಬರಲಿ, ಬೆಳಗ್ಗೆ ಇಬ್ಬನಿ ಬೀಳಲಿ, ಆಮೇಲೆ ತಂದರಾಯಿತು ಅಂತ ಸುಮ್ನೆ ಇರುತ್ತೇನೆ.

ಇದು ಬರೀ ಹಠ ಅಲ್ಲ. ನಮ್ಮ ಹಳೇ ನಾಟಿ ಅವರೆ ಹಗಲು ಕಿರಿದಾದ ಮೇಲಷ್ಟೇ ಹೂ ಬಿಡುವ ಬೆಳೆ. ಮುಂಗಾರಿನಲ್ಲಿ ರಾಗಿ ಹೊಲದಲ್ಲಿ ಅಕ್ಕಡಿ ಸಾಲಾಗಿ, ಅಂದರೆ ರಾಗಿ ಸಾಲುಗಳ ನಡುನಡುವೆ, ಬಿತ್ತಿರುತ್ತಾರೆ. ರಾಗಿ ಕೊಯ್ಲಾದ ಮೇಲೆ ಹೊಲವೆಲ್ಲ ಅವರೆಯದೇ, ಚಳಿ ಹಿಡಿಯುವ ಹೊತ್ತಿಗೆ ಗೊಂಚಲು ಗೊಂಚಲಾಗಿ ಕಾಯಿ ಕಟ್ಟುತ್ತದೆ. ಬೆಂಗಳೂರು ಕೃಷಿ ವಿಶ್ವವಿದ್ಯಾಲಯದವರು ಬೆಳೆಸಿದ ಹೆಬ್ಬಾಳ ಅವರೆ-3, ಹೆಬ್ಬಾಳ ಅವರೆ-4 ತಳಿಗಳಿಗೆ ಈ ಕಟ್ಟುಪಾಡಿಲ್ಲ, ಯಾವ ಕಾಲದಲ್ಲಿ ಬಿತ್ತಿದರೂ ಹೂ ಬಿಡುತ್ತವೆ. ರೈತರಿಗೆ ಅದರಿಂದ ಅನುಕೂಲವೇ ಆಗಿದೆ, ಬೇಡ ಅನ್ನಲಾರೆ. ಆದರೆ ಸೊಗಡು ಬೇಕು ಅಂದರೆ ಚಳಿಗಾಲದ ನಾಟಿ ಕಾಯಿಗೇ ಕಾಯಬೇಕು.

ಸೊಗಡಿನ ಕಾಯಿ ಗುರುತಿಸುವುದು ಕಷ್ಟವೇನಿಲ್ಲ. ಗಾಡಿ ಹತ್ತಿರ ಹೋಗುವಾಗಲೇ ಘಮ ಮೂಗಿಗೆ ಬಡಿಯಬೇಕು. ಒಂದು ಹಿಡಿ ತೆಗೆದುಕೊಂಡು ಉಜ್ಜಿ ನೋಡಿ, ಬೆರಳಿಗೆ ಎಣ್ಣೆಯಂಥ ಜಿಗುಟು ಹತ್ತಬೇಕು. ಬಿಡಿಸಿದ ಮೇಲೆ ಸೋಪು ಹಾಕಿ ತೊಳೆದರೂ ಆ ವಾಸನೆ ಬೇಗ ಬಿಡುವುದಿಲ್ಲ. ಅಲ್ಲೊಂದು ಇಲ್ಲೊಂದು ಕಾಯಲ್ಲಿ ಹುಳ ಕಂಡರೆ ಮುಖ ಸಿಂಡರಿಸಬೇಡಿ, ಎತ್ತಿ ಬಿಸಾಕಿ ಮುಂದಿನ ಕಾಯಿ ಬಿಡಿಸಿ.

ಹಿತಕಿದ ಬೇಳೆ ಮಾಡುವುದಾದರೆ ಕಾಳನ್ನು ರಾತ್ರಿಯೇ ನೆನೆಹಾಕಬೇಕು. ಬೆಳಗ್ಗೆ ಹೆಬ್ಬೆರಳು ತೋರುಬೆರಳ ನಡುವೆ ಒತ್ತಿದರೆ ಬೇಳೆ ಪುಟಕ್ಕನೆ ಹಾರುತ್ತದೆ, ಸಿಪ್ಪೆ ಕೈಯಲ್ಲೇ ಉಳಿಯುತ್ತದೆ. ಒಬ್ಬರೇ ಕೂತು ಮಾಡುವ ಕೆಲಸ ಅಲ್ಲ ಇದು, ಮನೆಮಂದಿಯನ್ನೆಲ್ಲ ಕರೆದು ಕೂರಿಸಿ.

ಸಾರಿಗೆ ಜಾಸ್ತಿ ಮಸಾಲೆ ಹಾಕುವುದು ನನಗೆ ಒಂಚೂರೂ ಇಷ್ಟವಿಲ್ಲ. ಈರುಳ್ಳಿ, ಬೆಳ್ಳುಳ್ಳಿ, ಶುಂಠಿ, ಹಸಿಮೆಣಸಿನಕಾಯಿ, ಕೊತ್ತಂಬರಿ ಸೊಪ್ಪು, ಕಾಯಿತುರಿ, ಸ್ವಲ್ಪ ಗಸಗಸೆ, ಚೂರು ಚಕ್ಕೆ, ಒಂದು ಲವಂಗ, ಇಷ್ಟು ರುಬ್ಬಿದರೆ ಸಾಕು. ವಾರಗಟ್ಟಲೆ ಫ್ರಿಜ್‌ನಲ್ಲಿಟ್ಟ ತರಕಾರಿಗೆ ರುಚಿ ಬರಿಸಲು ನಾವು ಡಬ್ಬಿ ಡಬ್ಬಿ ಪುಡಿ ಸುರಿಯುತ್ತೇವೆ ಅಲ್ವಾ, ಆ ಕೆಲಸ ಇಲ್ಲಿ ಬೇಕಿಲ್ಲ. ಕುಕ್ಕರ್ ಕೂಡ ಬೇಡ, ಬೇಳೆ ಕರಗಿ ಹೋಗುತ್ತದೆ. ತೆರೆದ ಪಾತ್ರೆಯಲ್ಲಿ ಬೇಯಿಸಿ ಆಗಾಗ ಒಂದು ಬೇಳೆ ಹಿಸುಕಿ ನೋಡಿ. ಮೆತ್ತಗಾಗಿರಬೇಕು, ಆದರೆ ಸಾರಿನಲ್ಲಿ ಇಡಿಯಾಗಿ ಕಾಣಬೇಕು. ಬಿಸಿ ರಾಗಿ ಮುದ್ದೆ ಜೊತೆ ಉಂಡು ನೋಡಿ. ಒಂದೇ ಹೊಲದಲ್ಲಿ ಬೆಳೆದವು ತಟ್ಟೆಯಲ್ಲೂ ಒಟ್ಟಿಗೇ ಇರುತ್ತವೆ.

ಉಳಿದ ಕಾಲಗಳಲ್ಲೂ ನನ್ನ ಲೆಕ್ಕ ಇದೇ. ಇವತ್ತು ಇಂಥದ್ದೇ ಅಡುಗೆ ಅಂತ ಮೊದಲೇ ನಿರ್ಧರಿಸಿ ಮಾರ್ಕೆಟ್‌ಗೆ ಹೋಗುವುದಿಲ್ಲ, ಅಲ್ಲಿ ಏನು ರಾಶಿ ಬಿದ್ದಿದೆ ಅಂತ ನೋಡಿ ಅಡುಗೆ. ಯುಗಾದಿ ಹೊತ್ತಿಗೆ ಮಾವಿನಕಾಯಿ ಚಿತ್ರಾನ್ನ. ಹಲಸು ಮುಗಿಯುತ್ತಾ ಬಂದಾಗ ಅದರ ಬೀಜ ಹಾಕಿ ದಂಟಿನ ಸಾರು. ಮಳೆ ಬಿದ್ದ ಮೇಲೆ ಕೋಲಾರದ ಕಡೆಯವರು ಹೊಲದ ಬದುಗಳಲ್ಲಿ ತಾನಾಗಿ ಹುಟ್ಟಿದ ಅಣ್ಣೆ, ಹೊನಗೊನ್ನೆ ಮುಂತಾದ ಸೊಪ್ಪೆಲ್ಲ ಕಿತ್ತು ಬೆರಕೆ ಸೊಪ್ಪಿನ ಸಾರು ಮಾಡುತ್ತಾರೆ, ಅದರ ಮುಂದೆ ಪಾಲಕ್ ಸಪ್ಪೆ ಅನಿಸುತ್ತದೆ. ಇಂಥ ಸೊಪ್ಪು ಗುರುತಿಸುವವರು ಕಡಿಮೆಯಾಗುತ್ತಿದ್ದಾರೆ ಅನ್ನೋದೇ ನನಗೆ ಬೇಜಾರು. ಮಾರಲು ತರುವ ಅಜ್ಜಿಯರನ್ನು ಒಂದೊಂದರ ಹೆಸರೂ ಕೇಳಿಟ್ಟುಕೊಳ್ಳಿ, ಸಂತೋಷವಾಗಿ ಹೇಳುತ್ತಾರೆ.

ಅವರೆ ಬಿಡಿಸಿ ಫ್ರೀಜರ್‌ನಲ್ಲಿಡಬಹುದಾ ಅಂತ ಗೆಳತಿಯರು ಕೇಳುತ್ತಿರುತ್ತಾರೆ. ಇಡಬಹುದು, ಕಾಳು ಕೆಡುವುದಿಲ್ಲ, ಆದರೆ ನನ್ನ ಮೂಗಿಗೆ ಆ ಘಮ ಸಿಗುವುದಿಲ್ಲ. ಅದಕ್ಕೇ ಸಂಕ್ರಾಂತಿಯ ಆಸುಪಾಸಿನಲ್ಲಿ ಉಪ್ಪಿಟ್ಟಿಗೆ, ಅಕ್ಕಿ ರೊಟ್ಟಿಗೆ, ಸಬ್ಬಸಿಗೆ ಸೊಪ್ಪಿನ ಜೊತೆ ಸಾರಿಗೆ, ಎಲ್ಲಕ್ಕೂ ಅವರೆಕಾಳೇ. ಮನೆಯವರು ಸಾಕಪ್ಪಾ ಅನ್ನುವಷ್ಟು ಮಾಡುತ್ತೇನೆ.