ಪೈಥಾನ್ 3.8ರಿಂದ 3.12ಕ್ಕೆ ಹೋಗುವಾಗ 3.11ರಲ್ಲಿ ಒಮ್ಮೆ ಇಳಿಯಿರಿ

ಕಲಬುರಗಿ ಗಂಜ್‌ನ ಅಡತಿ ಅಂಗಡಿಗೆ ತೊಗರಿ ಪಟ್ಟಿ (ರೈತರ ಮಾರಾಟದ ಲೆಕ್ಕದ ಚೀಟಿ) ಮಾಡಿಕೊಡುವ ಪ್ರೋಗ್ರಾಂ ಇನ್ನೂ ಪೈಥಾನ್ ಭಾಷೆಯ ಹಳೆಯ ಆವೃತ್ತಿ 3.8ರಲ್ಲೇ ಓಡುತ್ತಿದ್ದರೆ, ಮಳೆಗಾಲದಲ್ಲೇ ಬದಲಿಸಿಬಿಡಿ. ಹೊಸ ತೊಗರಿ ಬರತೊಡಗಿದ ಮೇಲೆ ಆ ಕಂಪ್ಯೂಟರ್ ಮುಟ್ಟಲು ಯಾರೂ ಬಿಡುವುದಿಲ್ಲ. 3.8ಕ್ಕೆ ಭದ್ರತಾ ತಿದ್ದುಪಡಿ ಬರುವುದು 2024ರ ಅಕ್ಟೋಬರ್‌ಗೇ ನಿಂತಿದೆ.

ಮೊದಲು ಯಂತ್ರ ನೋಡಿ. ವಿಂಡೋಸ್ 7 ಇದ್ದರೆ ಅದರ ಮೇಲೆ ಪೈಥಾನ್ 3.9 ಕೂಡ ಏರುವುದಿಲ್ಲ. ಪ್ರೋಗ್ರಾಂ ಬಳಸುವ ಸಿದ್ಧ ಕೋಡ್‌ಗಳ, ಅಂದರೆ ಲೈಬ್ರರಿಗಳ ಮಾತು ಆಮೇಲೆ.

ಹೊಸ ಪೈಥಾನ್ ಹಾಕಿ ಹಳೆಯ ರಿಕ್ವೈರ್‌ಮೆಂಟ್ಸ್ ಫೈಲನ್ನೇ (ಬೇಕಾದ ಲೈಬ್ರರಿಗಳ ಪಟ್ಟಿ) ಅವನ್ನು ತಂದು ಹಾಕುವ ಪಿಪ್‌ಗೆ ಕೊಟ್ಟರೆ ಕೆಲಸ ಕೆಡುತ್ತದೆ. ಅಂಕಿಗಳ ಲೈಬ್ರರಿ ನಂಪೈ 1.24ಕ್ಕೆ 3.12ರ ಸಿದ್ಧ ವ್ಹೀಲ್ (ನೇರ ಹಾಕಬಹುದಾದ ಫೈಲ್) ಇಲ್ಲ. ಪಿಪ್ ಸೋರ್ಸ್ ತಂದು ಅಲ್ಲೇ ಕಟ್ಟಲು ಹೊರಡುತ್ತದೆ, ಡಿಸ್ಟ್‌ಯುಟಿಲ್ಸ್ ಸಿಗಲಿಲ್ಲ ಎಂದೋ ಇಂಪ್‌ಇಂಪೋರ್ಟರ್ ಇಲ್ಲ ಎಂದೋ ನಿಲ್ಲುತ್ತದೆ. ಪೈಥಾನ್‌ನ ಈ ಎರಡು ಹಳೆಯ ಒಳಭಾಗಗಳನ್ನೂ 3.12ರಲ್ಲಿ ತೆಗೆದುಹಾಕಲಾಗಿದೆ. ಸೆಟಪ್‌ಟೂಲ್ಸ್ ಎಂಬ ಪ್ಯಾಕೇಜ್ ಹಾಕಿ ಮೊದಲ ದೂರನ್ನು ಮುಚ್ಚಬಹುದು, ಆದರೆ ಹಳೆಯ ಲೈಬ್ರರಿ ಹಳೆಯದಾಗಿಯೇ ಉಳಿಯುತ್ತದೆ.

3.8ಕ್ಕೆ ಸಿಗುವ ಕೊನೆಯ ನಂಪೈ 1.24.4, ಕೋಷ್ಟಕಗಳ ಲೈಬ್ರರಿಯಾದ ಪಾಂಡಾಸ್‌ನಲ್ಲಿ ಕೊನೆಯದು 2.0.3. 3.12 ಕೇಳುವುದು ನಂಪೈ 1.26, ಪಾಂಡಾಸ್ 2.1.1 ಅಥವಾ ಅದಕ್ಕೂ ಮೇಲಿನದು. ಅಂದರೆ ಎರಡೂ ಕಡೆ ಓಡುವ ಜೋಡಿಯೇ ಇಲ್ಲ. 3.9, 3.10, 3.11 ಮೂರೂ ಹಳೆಯ ಜೋಡಿಯನ್ನೂ ಹೊಸದನ್ನೂ ಓಡಿಸಬಲ್ಲವು. ಅವುಗಳಲ್ಲಿ ಹೊಸದು 3.11, ಆದ್ದರಿಂದಲೇ ಅದು ನಡುವಿನ ನಿಲ್ದಾಣ. 3.8ರಲ್ಲೇ ಲೈಬ್ರರಿಗಳನ್ನು 1.24.4, 2.0.3ಕ್ಕೆ ಏರಿಸಿ ಪರೀಕ್ಷಿಸಿ. ಅದೇ ಜೋಡಿಯೊಡನೆ 3.11ಕ್ಕೆ ಬನ್ನಿ. ಅಲ್ಲಿ ನಂಪೈ 1.26.4, ಪಾಂಡಾಸ್ 2.2 ಹಾಕಿ, ಕೊನೆಗೆ 3.12. ಪ್ರತಿ ಹಂತಕ್ಕೂ ಬೇರೆ ವೆನ್ವ್ (ಲೈಬ್ರರಿಗಳನ್ನು ಪ್ರತ್ಯೇಕವಾಗಿಡುವ ಫೋಲ್ಡರ್), ಪ್ರತಿ ಸಲವೂ ಪಿಪ್ ಚೆಕ್ (ಅವು ಒಂದಕ್ಕೊಂದು ಹೊಂದುತ್ತವೆಯೇ ಎಂಬ ಪರೀಕ್ಷೆ). ನಂಪೈ 2ರ ಕೆಳಗೇ ಇರಲಿ ಎಂದು ಫೈಲಿನಲ್ಲಿ ಮಿತಿ ಬರೆದಿಡಿ. ಇಲ್ಲದಿದ್ದರೆ ಪಿಪ್ ನೇರ 2ಕ್ಕೆ ಜಿಗಿಯುತ್ತದೆ, 1ರ ಮೇಲೆ ಕಟ್ಟಿದ ಬೇರೆ ಲೈಬ್ರರಿಗಳು ಮುರಿಯುತ್ತವೆ.

ಕೂಗಿ ಹೇಳುವ ತಪ್ಪುಗಳಿಗೆ ಹೆದರಬೇಕಿಲ್ಲ. ನಂಪೈನ ಎನ್‌ಪಿ ಡಾಟ್ ಫ್ಲೋಟ್ ಹೋಗಿದ್ದರೆ ಬರೀ ಫ್ಲೋಟ್ ಬರೆಯಿರಿ. ಪಾಂಡಾಸ್‌ನ ಕೋಷ್ಟಕವಾದ ಡೇಟಾಫ್ರೇಮ್‌ಗೆ ಸಾಲು ಸೇರಿಸುವ ಅಪೆಂಡ್ ಹೋಗಿದ್ದರೆ ಸಾಲುಗಳನ್ನು ಲಿಸ್ಟಿನಲ್ಲಿ ಕೂಡಿಟ್ಟು ಕೊನೆಗೆ ಒಮ್ಮೆ ಕಾನ್‌ಕ್ಯಾಟ್ (ಜೋಡಣೆ) ಮಾಡಿ, ವೇಗವೂ ಹೆಚ್ಚುತ್ತದೆ.

ಹೆದರಬೇಕಾದ್ದು ಸುಮ್ಮನೆ ಬದಲಾಗುವುದಕ್ಕೆ. ಹಳೆಯ ಪಾಂಡಾಸ್‌ನಲ್ಲಿ ಗ್ರೂಪ್‌ಬೈ (ಗುಂಪು) ಮಾಡಿ ಸಮ್ (ಮೊತ್ತ) ಕೊಟ್ಟರೆ ಅಕ್ಷರಗಳ ಕಾಲಂ ತಾನೇ ಬಿಟ್ಟುಹೋಗುತ್ತಿತ್ತು. 2.0ರಿಂದ ಅದೂ ಕೂಡುತ್ತದೆ, ರೈತರ ಹೆಸರುಗಳು ಒಂದಕ್ಕೊಂದು ಅಂಟಿಕೊಂಡು ಬರುತ್ತವೆ. ನ್ಯೂಮೆರಿಕ್ ಓನ್ಲಿ ಟ್ರೂ ಎಂದು ಕೊಡಿ, ಇಲ್ಲವೇ ಕೂಡಬೇಕಾದ ಕಾಲಂಗಳನ್ನೇ ಹೆಸರಿಸಿ.

ತಾರೀಖಿನದು ಇನ್ನೂ ಸೂಕ್ಷ್ಮ. ಹಳೆಯ ಪಾಂಡಾಸ್ 13-02-2023 ಅನ್ನು ಫೆಬ್ರವರಿ 13 ಎಂದು ಸರಿಯಾಗಿ ಓದಿ, ಅದರ ಕೆಳಗಿನ 05-02-2023 ಅನ್ನು ಮೇ 2 ಮಾಡುತ್ತಿತ್ತು. 2.0 ಮೊದಲ ಸಾಲು ನೋಡಿ ಒಂದೇ ರೂಪ ಹಿಡಿಯುತ್ತದೆ. ಮುಂದೆ ಹೊಂದದ ಸಾಲು ಬಂದರೆ ತಾರೀಖು ಓದುವ ಟು ಡೇಟ್‌ಟೈಮ್ ಎರರ್ ಕೊಡುತ್ತದೆ, ಫೈಲ್ ಓದುವ ರೀಡ್ ಸಿಎಸ್‌ವಿ ಮಾತ್ರ ಕಾಲಂ ಅನ್ನು ಅಕ್ಷರವಾಗಿಯೇ ಬಿಡುತ್ತದೆ. ದಿನ-ತಿಂಗಳು-ವರ್ಷ ಎಂಬ ಫಾರ್ಮ್ಯಾಟನ್ನು ನೀವೇ ಬರೆದು ಕೊಡಿ.

ಕಳೆದ ಹಂಗಾಮಿನ ಇನ್ನೂರು ಪಟ್ಟಿಗಳನ್ನು ಹಳೆಯದರಲ್ಲೂ ಹೊಸದರಲ್ಲೂ ಓಡಿಸಿ. ತೂಕ, ಹಮಾಲಿ, ನಿವ್ವಳ ಮೊತ್ತ ಪೈಸೆ ಸಮೇತ ಹೊಂದಬೇಕು. ತಾರೀಖು ಹೊಂದದಿದ್ದರೆ ಹೊಸದನ್ನು ಬೈಯುವ ಮುನ್ನ ಕಾಗದದ ಪಟ್ಟಿ ತೆಗೆದು ನೋಡಿ. ಬಹುಶಃ ಹಳೆಯದೇ ತಪ್ಪಿರುತ್ತದೆ.

ಅಂಗಡಿಯಲ್ಲಿ ನೆಟ್ ನಂಬಬೇಡಿ. ಅದೇ ವಿಂಡೋಸ್, ಅದೇ 64 ಬಿಟ್, ಅದೇ ಪೈಥಾನ್ ಇರುವ ಯಂತ್ರದಲ್ಲಿ ಪಿಪ್ ಡೌನ್‌ಲೋಡ್ ಮಾಡಿ ವ್ಹೀಲ್‌ಗಳನ್ನು ಪೆನ್‌ಡ್ರೈವ್‌ಗೆ ತುಂಬಿಕೊಳ್ಳಿ, ಅಂಗಡಿಯಲ್ಲಿ ಪಿಪ್‌ಗೆ ನೋ-ಇಂಡೆಕ್ಸ್ (ನೆಟ್‌ಗೆ ಹೋಗಬೇಡ), ಫೈಂಡ್-ಲಿಂಕ್ಸ್ (ಈ ಫೋಲ್ಡರ್‌ನಲ್ಲಿ ಹುಡುಕು) ಕೊಟ್ಟು ಹಾಕಿ. ಹಳೆಯ ವೆನ್ವ್ ಮತ್ತು 3.8 ಎರಡನ್ನೂ ಒಂದು ಹಂಗಾಮು ಮುಗಿಯುವವರೆಗೆ ಅಳಿಸಬೇಡಿ.