ಮೆಡಿಕಲ್ ಇಂಟರ್‌ವ್ಯೂ ಕೋಚಿಂಗ್: ದುಡ್ಡು ಕಟ್ಟುವ ಮುಂಚೆ

ಇಂಗ್ಲೆಂಡಿನ ಕನ್ನಡ ಮನೆಗಳಲ್ಲಿ ಪಿಯುಸಿ ವಯಸ್ಸಿನ ಮಕ್ಕಳಿದ್ದರೆ ಚಳಿಗಾಲದಲ್ಲಿ ಈ ಮಾತು ಬಂದೇ ಬರುತ್ತದೆ: ಮೆಡಿಕಲ್ ಸೀಟಿನ ಇಂಟರ್‌ವ್ಯೂಗೆ ಕೋಚಿಂಗ್ ಸೇರಿಸಬೇಕಾ? ಹೀಗೆ ಕೇಳುವವರಲ್ಲಿ ಎಷ್ಟೋ ಜನ ಮೈಸೂರು, ಹುಬ್ಬಳ್ಳಿ, ದಾವಣಗೆರೆಯಲ್ಲಿ ಓದಿ ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ಗೆ ಬಂದ ಡಾಕ್ಟರುಗಳೇ. ಅವರಿಗೆ ಸಿಇಟಿ ರ‍್ಯಾಂಕ್ ಗೊತ್ತು, ಇಂಟರ್‌ವ್ಯೂ ಗೊತ್ತಿಲ್ಲ. ಗೊತ್ತಿಲ್ಲದ ಪರೀಕ್ಷೆಗೆ ಟ್ಯೂಷನ್ ಹಾಕುವುದು ನಮ್ಮವರ ಅಭ್ಯಾಸ. ನನ್ನ ಲೆಕ್ಕದಲ್ಲಿ, ಒಂದು ಒಳ್ಳೆಯ ಮಾಕ್ (ಅಣಕು) ಇಂಟರ್‌ವ್ಯೂಗೆ ಬೇಕಾದರೆ ದುಡ್ಡು ಕೊಡಿ. ಅದರಾಚೆಗಿನದು ಬಹುಪಾಲು ದಂಡ.

ಮೊದಲು ಕ್ಯಾಲೆಂಡರ್ ನೋಡಿ. ಮೆಡಿಸಿನ್‌ಗೆ ಯುಕ್ಯಾಸ್ (ವಿಶ್ವವಿದ್ಯಾಲಯಗಳಿಗೆ ಒಟ್ಟಾಗಿ ಅರ್ಜಿ ಹಾಕುವ ವ್ಯವಸ್ಥೆ) ಅರ್ಜಿಯ ಕೊನೆಯ ದಿನ ಅಕ್ಟೋಬರ್ 15, ಹಾಕಬಹುದಾದದ್ದು ನಾಲ್ಕೇ ಮೆಡಿಕಲ್ ಸ್ಕೂಲ್. ಇಂಟರ್‌ವ್ಯೂಗಳು ಹೆಚ್ಚಾಗಿ ಡಿಸೆಂಬರಿನಿಂದ ಮಾರ್ಚ್ ತನಕ. ಯಾರನ್ನು ಕರೆಯಬೇಕು ಅನ್ನುವುದನ್ನು ಹಲವು ಕಡೆ ಯುಕ್ಯಾಟ್ ಎಂಬ ಪ್ರವೇಶ ಪರೀಕ್ಷೆಯ ಅಂಕವೇ ತೀರ್ಮಾನಿಸುತ್ತದೆ. ಜುಲೈನಲ್ಲೇ ಇಂಟರ್‌ವ್ಯೂ ಪ್ಯಾಕೇಜ್ ಕೊಂಡು, ಕೊನೆಗೆ ಕರೆಯೇ ಬರದಿದ್ದರೆ ಆ ಹಣ ಹೋದಂತೆಯೇ. ಕರೆ ಕೈಗೆ ಬಂದ ಮೇಲೆ ಯೋಚಿಸಿದರೆ ಸಾಕು. ಬಂದದ್ದು ಆಕ್ಸ್‌ಫರ್ಡ್ ಅಥವಾ ಕೇಂಬ್ರಿಡ್ಜಿನಿಂದಾದರೆ ಅಲ್ಲಿನ ಆಟವೇ ಬೇರೆ. ಅಧ್ಯಾಪಕರು ಗ್ರಾಫ್ ತೋರಿಸಿ ವಿಜ್ಞಾನದ ಪ್ರಶ್ನೆ ಕೇಳುತ್ತಾರೆ, ಮಾಮೂಲಿ ಕೋಚಿಂಗ್ ಕೋರ್ಸ್ ಅಲ್ಲಿ ಕೆಲಸಕ್ಕೆ ಬರುವುದು ಕಡಿಮೆ.

ಉಳಿದ ಬಹುತೇಕ ಕಡೆ ಎಂಎಂಐ (ಮಲ್ಟಿಪಲ್ ಮಿನಿ ಇಂಟರ್‌ವ್ಯೂ), ಅಂದರೆ ಬಿಡಿಬಿಡಿ ಸ್ಟೇಷನ್‌ಗಳ ಸಂದರ್ಶನ. ಇದು ಹುಟ್ಟಿದ್ದು ಕೆನಡಾದ ಮೆಕ್‌ಮಾಸ್ಟರ್ ವಿಶ್ವವಿದ್ಯಾಲಯದಲ್ಲಿ. ಒಂದು ಪ್ಯಾನೆಲ್‌ಗೆ ಹುಡುಗ ಹಿಡಿಸಿದನೋ ಇಲ್ಲವೋ ಅನ್ನುವುದರ ಮೇಲೆ ಸೀಟು ನಿಲ್ಲಬಾರದು ಎಂದು, ಪ್ರತಿ ಸ್ಟೇಷನ್‌ಗೂ ಬೇರೆ ಪರೀಕ್ಷಕರನ್ನು ಇಡುತ್ತಾರೆ. ಬಾಗಿಲ ಬಳಿ ಪ್ರಶ್ನೆ ಓದಲು ಒಂದೆರಡು ನಿಮಿಷ, ಒಳಗೆ ಐದರಿಂದ ಎಂಟು ನಿಮಿಷ, ಗಂಟೆ ಬಾರಿಸಿದರೆ ಮುಂದಿನ ಕೋಣೆ. ಒಂದರಲ್ಲಿ ಎಡವಿದರೂ ಮುಂದಿನವರಿಗೆ ಅದು ಗೊತ್ತಿರುವುದಿಲ್ಲ.

ಎಡವುವುದು ಎಲ್ಲಿ? ರೋಲ್ ಪ್ಲೇ ತಗೊಳ್ಳಿ. ಪಕ್ಕದ ಮನೆಯವರು ರಜೆಗೆ ಹೋದಾಗ ನೋಡಿಕೊಳ್ಳಲು ಬಿಟ್ಟ ಬೆಕ್ಕು ಸತ್ತಿದೆ, ಅವರಿಗೆ ತಿಳಿಸಬೇಕು. ಎದುರಿಗಿರುವುದು ನಟಿ. ಹೆಚ್ಚಿನ ಮಕ್ಕಳು "ರಜೆ ಹೇಗಿತ್ತು" ಅಂತ ಶುರು ಮಾಡಿ ಒಂದೂವರೆ ನಿಮಿಷ ಸುತ್ತು ಬಳಸುತ್ತಾರೆ. ವಿಷಯ ಹೇಳಿದ ಮೇಲೆ ಆಕೆ ಸುಮ್ಮನಾದರೆ ಗಾಬರಿಯಾಗಿ ತಾವೇ ಮಾತು ತುಂಬುತ್ತಾರೆ: ಬೇರೆ ಬೆಕ್ಕು ತಂದುಕೊಡುತ್ತೇನೆ, ಖರ್ಚು ನಾನೇ ಕೊಡುತ್ತೇನೆ. ಅಂಕ ಹೋಗುವುದು ಅಲ್ಲೇ. ಕೂತು, ಬೇಸರದ ಸುದ್ದಿ ಇದೆ ಎಂದು ಎಚ್ಚರಿಸಿ, ಸತ್ತಿದೆ ಎಂದು ಒಂದೇ ವಾಕ್ಯದಲ್ಲಿ ಹೇಳಿ, ಬಾಯಿ ಮುಚ್ಚಿಕೊಂಡಿರಬೇಕು. ಆಕೆ ಕೇಳಿದ್ದಕ್ಕೆ ಮುಚ್ಚುಮರೆಯಿಲ್ಲದೆ ಉತ್ತರಿಸಿ, ತನ್ನ ತಪ್ಪಿದ್ದರೆ ನೇರವಾಗಿ ಕ್ಷಮೆ ಕೇಳಬೇಕು. ಈ ಸುಮ್ಮನಿರುವುದನ್ನು ವಿಡಿಯೊ ನೋಡಿ ಕಲಿಯಲಾಗದು. ಎದುರಿಗೆ ಮನುಷ್ಯರು ಬೇಕು.

ಎಥಿಕ್ಸ್ ಸ್ಟೇಷನ್‌ನಲ್ಲಿ ಕೋಚಿಂಗೇ ಮುಳುವಾಗುವುದುಂಟು. ಆಟಾನಮಿ, ಬೆನಿಫಿಸೆನ್ಸ್, ನಾನ್-ಮ್ಯಾಲಿಫಿಸೆನ್ಸ್, ಜಸ್ಟೀಸ್ (ರೋಗಿಯ ಸ್ವಾತಂತ್ರ್ಯ, ಒಳಿತು ಮಾಡುವುದು, ಕೇಡು ಮಾಡದಿರುವುದು, ನ್ಯಾಯ) ಅಂತ ವೈದ್ಯಕೀಯ ನೀತಿಯ ನಾಲ್ಕು ತತ್ವಗಳನ್ನೂ ಗಿಳಿಪಾಠ ಒಪ್ಪಿಸಿದರೆ ಪರೀಕ್ಷಕರಿಗೆ ಮಗು ಯೋಚಿಸಿದ್ದು ಏನೂ ಕಾಣುವುದಿಲ್ಲ. ಯೆಹೋವನ ಸಾಕ್ಷಿ ಪಂಥದ ಮಹಿಳೆ ತಮ್ಮ ಧರ್ಮದ ಕಾರಣಕ್ಕೆ ರಕ್ತ ಬೇಡ ಅನ್ನುತ್ತಾರೆ ಎಂದಿಟ್ಟುಕೊಳ್ಳಿ. ಮೊದಲು ಕೇಳಬೇಕಾದ್ದು, ಅವರಿಗೆ ನಿರ್ಧರಿಸುವ ಸಾಮರ್ಥ್ಯ ಇದೆಯೇ? 2005ರ ಮೆಂಟಲ್ ಕೆಪ್ಯಾಸಿಟಿ ಕಾಯ್ದೆ ನೋಡುವುದು ನಾಲ್ಕನ್ನು: ಮಾಹಿತಿ ಅರ್ಥವಾಗುತ್ತದೆಯೇ, ನೆನಪಿರುತ್ತದೆಯೇ, ತೂಗಿ ನೋಡಬಲ್ಲರೇ, ನಿರ್ಧಾರ ತಿಳಿಸಬಲ್ಲರೇ. ಇಷ್ಟೂ ಇದ್ದರೆ ಜೀವ ಹೋಗುವಂತಿದ್ದರೂ ಬೇಡ ಅನ್ನುವ ಹಕ್ಕು ಅವರದು. ಅದೇ ರೋಗಿಗೆ ಹದಿನೈದು ವರ್ಷವಾದರೆ? 1985ರ ಗಿಲ್ಲಿಕ್ ತೀರ್ಪಿನ ಪ್ರಕಾರ ವಿಷಯ ಅರಿತ ಮಗು ಚಿಕಿತ್ಸೆಗೆ ತಾನೇ ಒಪ್ಪಬಹುದು, ಆದರೆ ಬೇಡವೆಂದರೆ, ನಂತರದ ತೀರ್ಪುಗಳಂತೆ, ಕೋರ್ಟ್ ಅದನ್ನು ಮೀರಬಲ್ಲದು. ಇಷ್ಟು ಓದಲು ಪುಕ್ಕಟೆ ಸಾಮಗ್ರಿ ಧಾರಾಳ: ಡಾಕ್ಟರುಗಳ ನೋಂದಣಿ ನೋಡುವ ಜಿಎಂಸಿಯ ಗುಡ್ ಮೆಡಿಕಲ್ ಪ್ರಾಕ್ಟೀಸ್, ಮೆಡಿಕಲ್ ಸ್ಕೂಲ್ಸ್ ಕೌನ್ಸಿಲ್‌ನ ಪುಟಗಳು, ಆಯಾ ವಿಶ್ವವಿದ್ಯಾಲಯದ ಇಂಟರ್‌ವ್ಯೂ ಪುಟ.

ಲೆಕ್ಕದ ಸ್ಟೇಷನ್ ಅಂತೂ ಅಡುಗೆಮನೆ ಮೇಜಿನ ಮೇಲೇ ಆಗುತ್ತದೆ. 16 ಕೆಜಿ ಮಗು, ಕೆಜಿಗೆ 15 ಮಿ.ಗ್ರಾಂ ಔಷಧ, ಸಿರಪ್ಪಿನ 5 ಮಿ.ಲೀ.ನಲ್ಲಿ 120 ಮಿ.ಗ್ರಾಂ. ಬೇಕಾದ್ದು 240 ಮಿ.ಗ್ರಾಂ, ಅಂದರೆ 10 ಮಿ.ಲೀ. ಕ್ಯಾಲ್ಕ್ಯುಲೇಟರ್ ಇಲ್ಲದೆ, ಪ್ರತಿ ಹೆಜ್ಜೆ ಬಾಯಲ್ಲಿ ಹೇಳುತ್ತಾ ಮಾಡಿಸಿ.

ಮನೆಯಲ್ಲೇ ಆರು ಸ್ಟೇಷನ್ ನಡೆಸುವುದು ಕಷ್ಟವಲ್ಲ. ಪ್ರಶ್ನೆಯನ್ನು ಕಾಗದದಲ್ಲಿ ಬರೆದು ಬಾಗಿಲಿಗೆ ಅಂಟಿಸಿ, ಓದಲು ಒಂದು ನಿಮಿಷ, ಉತ್ತರಕ್ಕೆ ಆರು. ಫೋನಿನಲ್ಲಿ ರೆಕಾರ್ಡ್ ಆಗಲಿ, ಆಮೇಲೆ ಮಗುವೇ ಕೇಳಲಿ. ಪರೀಕ್ಷಕರಾಗಿ ಅಪ್ಪ ಬೇಡ, ಅದರಲ್ಲೂ ಡಾಕ್ಟರ್ ಅಪ್ಪ ಬೇಡವೇ ಬೇಡ. ಅವರು ಡಯಾಗ್ನೋಸಿಸ್ ತಿದ್ದುತ್ತಾರೆ, ಅಲ್ಲಿ ಅಂಕವಿರುವುದು ಕೇಳಿಸಿಕೊಳ್ಳುವುದಕ್ಕೆ. ಶಾಲೆಯ ಟೀಚರ್, ಪಕ್ಕದ ಮನೆಯವರು, ಕನ್ನಡ ಬಳಗದಲ್ಲಿ ಮಗುವಿಗೆ ಅಷ್ಟಾಗಿ ಪರಿಚಯವಿಲ್ಲದ ಆಂಟಿ ಆದರೆ ಚೆಂದ. ಇಂಥವರು ಯಾರೂ ಸಿಗದ ಊರಿನಲ್ಲಿದ್ದರೆ, ಅಥವಾ ಮಗು ಅಪರಿಚಿತರ ಮುಂದೆ ಬಾಯಿ ಬಿಡದಿದ್ದರೆ, ಆಗ ಮಾಕ್‌ಗೆ ದುಡ್ಡು ಕೊಡುವುದರಲ್ಲಿ ಅರ್ಥವಿದೆ. ಅದನ್ನೂ ಮನೆಯಲ್ಲಿ ಎರಡು ಮೂರು ಸುತ್ತು ಆದಮೇಲೆ, ನಿಜವಾದ ಇಂಟರ್‌ವ್ಯೂಗೆ ಹತ್ತು ದಿನವಾದರೂ ಇರುವಂತೆ ಇಟ್ಟುಕೊಳ್ಳಿ. ಸಿಕ್ಕ ತಪ್ಪು ತಿದ್ದಲು ಸಮಯ ಬೇಕಲ್ಲ.

ಕಟ್ಟುವ ಮುಂಚೆ ವಿಚಾರಿಸಿ: ರೋಲ್ ಪ್ಲೇಗೆ ಬೇರೆ ವ್ಯಕ್ತಿ ಇರುತ್ತಾರಾ, ಅಥವಾ ಟ್ಯೂಟರೇ ಎರಡೂ ಪಾತ್ರವಾ? ಪ್ರತಿ ಸ್ಟೇಷನ್‌ಗೂ ಬರಹದಲ್ಲಿ ಫೀಡ್‌ಬ್ಯಾಕ್ ಸಿಗುತ್ತದಾ? ಗುಂಪಿನಲ್ಲಿ ಎಷ್ಟು ಮಕ್ಕಳು? ಇಪ್ಪತ್ತು ಜನ ಕೂತು ಒಬ್ಬ ಮಾತಾಡುವುದನ್ನು ನೋಡುವ ಕೋರ್ಸಾದರೆ ನಿಮ್ಮ ಮಗುವಿನ ಪಾಲಿಗೆ ಬರುವುದು ಒಂದೋ ಎರಡೋ ಸಲ. "ಹೋದ ವರ್ಷದ ಅಸಲಿ ಪ್ರಶ್ನೆಗಳು ನಮ್ಮಲ್ಲಿವೆ" ಅನ್ನುವವರಿಂದ ದೂರವಿರಿ. ಪ್ರಶ್ನೆ ಹೊರಗೆ ಹೇಳಬೇಡಿ ಎಂದು ವಿಶ್ವವಿದ್ಯಾಲಯಗಳು ಅಭ್ಯರ್ಥಿಗಳಿಗೆ ತಾಕೀತು ಮಾಡಿರುತ್ತವೆ, ಸ್ಟೇಷನ್‌ಗಳನ್ನು ಬದಲಿಸುತ್ತಲೂ ಇರುತ್ತವೆ. ಇನ್ನು ಸೀಟು ಗ್ಯಾರಂಟಿ, ಇಲ್ಲವಾದರೆ ಹಣ ವಾಪಸ್ ಅನ್ನುವ ಪ್ಯಾಕೇಜ್ ಕಂಡರೆ ಷರತ್ತಿನ ಸಣ್ಣಕ್ಷರ ಪೂರ್ತಿ ಓದಿ: ಎಷ್ಟು ಕ್ಲಾಸಿಗೆ ಹಾಜರಾಗಿರಬೇಕು, ಎಷ್ಟು ಕಡೆಯಿಂದ ಕರೆ ಬಂದಿರಬೇಕು, ಎಷ್ಟು ದಿನದೊಳಗೆ ಕೇಳಬೇಕು ಅನ್ನುವುದೆಲ್ಲ ಅಲ್ಲೇ ಇರುತ್ತದೆ.